ತುಂಡು ಗೆರೆ

ಹೋದ ಜನವರಿಯಲ್ಲಿ ಚಿಂತಾಮಣಿ ಕಡೆ ನೆಂಟರ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿಸಿ ಶಾಮಿಯಾನದ ಕೆಳಗೆ ಕೂತಿದ್ದಾಗ ಒಬ್ಬ ಹುಡುಗ ಬಂದು ಪಕ್ಕದ ಕುರ್ಚಿಯಲ್ಲಿ ಕೂತ. ಇಪ್ಪತ್ತೈದು ಇಪ್ಪತ್ತಾರು ವಯಸ್ಸಿರಬಹುದು. ‘ನೀವು ಕಲ್ಲಿನ ನಕ್ಷೆ ಮಾಡ್ತಿದ್ರಂತೆ ಅಲ್ವಾ ಮೇಡಂ?’ ಅಂದ. ಹೌದು ಅಂದೆ. ಫೋನ್ ತೆಗೆದು ತೋರಿಸಿದ. ಉಪಗ್ರಹ ಚಿತ್ರದಲ್ಲಿ ಅವನ ಜಮೀನು, ಪಕ್ಕದ ಮಾವಿನ ತೋಪು, ಊರ ಕೆರೆ, ಎಲ್ಲ ಕಾಣುತ್ತಿತ್ತು. ಅದರ ಮೇಲೆ ಪೂರ್ವ ಪಶ್ಚಿಮವಾಗಿ ಒಂದು ಹಸಿರು ಗೆರೆ. ಡೊಲೆರೈಟ್ ಡೈಕ್. ನಮ್ಮ ಕಡೆ ಜನ ಕರಿಕಲ್ಲು ಅನ್ನುತ್ತಾರಲ್ಲ, ನೆಲದೊಳಗೆ ನಿಂತಿರುವ ಅದರ ಗೋಡೆ. ಗೆರೆ ಅವನ ಜಮೀನಿನ ನಡುವೆಯೇ ಹಾದುಹೋಗಿತ್ತು. ಪರಿಚಯದವರು ಯಾರೋ ಆ ಫೈಲ್ ಕಳಿಸಿದ್ದರಂತೆ. ಡೈಕ್ ಇರುವ ಕಡೆ, ಇಳಿಜಾರಿನ ಮೇಲ್ಬದಿಯಲ್ಲಿ ಕೊರೆಸಿದರೆ ನೀರು ಸಿಗುವುದು ಜಾಸ್ತಿ ಅಂತ ಹೇಳಿದ್ದರಂತೆ. ಆ ಮಾತು ಸುಳ್ಳಲ್ಲ. ಹುಡುಗ ಎರಡು ಹಸು ಮಾರಿ, ಉಳಿದದ್ದಕ್ಕೆ ಸಾಲ ಮಾಡಿ, ಫೋನಿನಲ್ಲಿ ಗೆರೆ ನೋಡಿಕೊಂಡು, ಅದರಿಂದ ಹದಿನೈದು ಅಡಿ ಅಳೆದು ಕೊರೆಸಿದ್ದಾನೆ. 1,180 ಅಡಿ. ಬರೀ ಪುಡಿ ಬಂತು.

ಜಗಳಕ್ಕೆ ಬಂದವನಲ್ಲ ಅವನು. ‘ಇಂಥ ಗೆರೆ ಸರಿ ಇದೆಯೋ ಇಲ್ಲವೋ ಅಂತ ನಮ್ಮಂಥವರು ಹೆಂಗೆ ತಿಳ್ಕೊಳ್ಳೋದು ಮೇಡಂ?’ ಅಂತ ಕೇಳಿದ, ಅಷ್ಟೇ. ನಾನು ಫೋನ್ ಕೈಗೆ ತೆಗೆದುಕೊಂಡು ಗೆರೆಯ ಜೊತೆ ಬೆರಳು ಓಡಿಸಿದೆ. ಕೆರೆಯ ಪಶ್ಚಿಮಕ್ಕೆ ನೇರ. ಕೆರೆಯ ಹತ್ತಿರ ಬಂದು ಸಣ್ಣಗೆ ಉತ್ತರಕ್ಕೆ ಬಾಗುತ್ತದೆ. ಆಚೆ ದಡದಲ್ಲಿ ಮತ್ತೆ ನೇರ. ಆ ಬಾಗು ನೋಡಿದ ಕೂಡಲೇ ಎದೆ ಧಸಕ್ ಅಂತು. ಅದು ನನ್ನ ಕೈ. ನಮ್ಮ ಅಕ್ಷರ ನಮಗೆ ಗುರುತು ಸಿಗುವ ಹಾಗೆ ನಾವು ಎಳೆದ ಗೆರೆಯೂ ಗುರುತು ಸಿಗುತ್ತದೆ. 1986ರಲ್ಲಿ 57 ಕೆ/3 ಅನ್ನುವ ನಂಬರಿನ ನಕ್ಷೆ ಹಾಳೆಯ ಮೇಲೆ, 2ಹೆಚ್ ಪೆನ್ಸಿಲ್‌ನಲ್ಲಿ, ನಾನೇ ಎಳೆದ ಗೆರೆ ಅದು.

ಆದರೆ ನಾನು ಅದನ್ನು ಹಾಗೆ ಎಳೆದಿರಲಿಲ್ಲ. ಕೆರೆಯ ಆ ಭಾಗದಲ್ಲಿ ನನ್ನ ಗೆರೆ ತುಂಡು ತುಂಡಾಗಿತ್ತು. ಫೋನಿನಲ್ಲಿ ಅದು ಇಡೀ ಗೆರೆಯಾಗಿ ಕೂತಿತ್ತು.

ಅವತ್ತಿನಿಂದ ಇದೇ ಯೋಚನೆ. ಮೂವತ್ತು ವರ್ಷಕ್ಕೂ ಜಾಸ್ತಿ ಮಾಡಿದ ಕೆಲಸದ ಬಗ್ಗೆ ಬರೆಯಬೇಕು ಅಂತ ಸ್ನೇಹಿತರು ಎಷ್ಟೋ ಸಲ ಹೇಳಿದ್ದರು. ಎಲ್ಲಿಂದ ಶುರು ಮಾಡುವುದು ಅಂತ ತಿಳಿಯುತ್ತಿರಲಿಲ್ಲ. ಈಗ ಆ ಗೆರೆಯಿಂದಲೇ ಶುರು ಮಾಡುತ್ತಿದ್ದೇನೆ.

ಕಂಡದ್ದು, ಕಾಣದ್ದು

ಭೂವೈಜ್ಞಾನಿಕ ನಕ್ಷೆ ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಬಣ್ಣ. ಗುಲಾಬಿ ಬಣ್ಣ ಬಳಿದ ಕಡೆ ಗ್ರಾನೈಟ್, ಹಸಿರು ಕಡೆ ಶಿಸ್ಟ್, ಹೀಗೆ. ಕೆಲಸ ಮಾಡುವವರ ಕಣ್ಣು ಮಾತ್ರ ಬಣ್ಣಗಳ ನಡುವಿನ ಗೆರೆಗೆ ಹೋಗುತ್ತದೆ. ಒಂದು ಕಲ್ಲು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಅನ್ನುವುದೇ ನಮ್ಮ ಇಡೀ ದಿನದ ದುಡಿಮೆ. ಅಲ್ಲಿಗೆ ಹೋಗಿ, ಎರಡೂ ಕಲ್ಲನ್ನು ಕಣ್ಣಾರೆ ಕಂಡು, ಒಂದು ಕಾಲು ಇದರ ಮೇಲೆ ಇನ್ನೊಂದು ಕಾಲು ಅದರ ಮೇಲೆ ಇಟ್ಟು ನಿಂತಿದ್ದರೆ ಇಡೀ ಗೆರೆ. ಮಣ್ಣಿನ ಕೆಳಗೆ ಹೋಗಿದೆ, ಆಚೆ ಈಚೆ ನೋಡಿ ಇಲ್ಲೇ ಇರಬೇಕು ಅಂತ ಅಂದಾಜು ಮಾಡಿದ್ದರೆ ತುಂಡು ಗೆರೆ. ಅದೂ ಗಟ್ಟಿಯಿಲ್ಲದಿದ್ದರೆ ಗೆರೆಯ ಪಕ್ಕ ಒಂದು ಪ್ರಶ್ನೆ ಚಿಹ್ನೆ. ನನಗೆ ಕೆಲಸ ಕಲಿಸಿದ ಮೇಷ್ಟ್ರು ಇದರಲ್ಲಿ ಬಹಳ ಕಟ್ಟುನಿಟ್ಟು. ಸಂಜೆ ಕ್ಯಾಂಪಿಗೆ ಬಂದ ಮೇಲೆ ಲಾಟೀನಿನ ಬೆಳಕಿನಲ್ಲಿ ಹಾಳೆ ಬಿಡಿಸಿ, ಒಂದೊಂದು ಇಡೀ ಗೆರೆಯ ಮೇಲೂ ಬೆರಳಿಟ್ಟು ‘ಇಲ್ಲಿ ನಿಂತಿದ್ದೆಯಾ?’ ಅಂತ ಕೇಳುತ್ತಿದ್ದರು. ಇಲ್ಲ ಅಂದರೆ ರಬ್ಬರ್ ಮುಂದೆ ತಳ್ಳುತ್ತಿದ್ದರು.

ಕೋಲಾರ, ಚಿಕ್ಕಬಳ್ಳಾಪುರದ ಬಯಲು ನೋಡಿದವರಿಗೆ ಗೊತ್ತು. ಬೆಟ್ಟ ಗುಡ್ಡದಲ್ಲಿ ಕಲ್ಲಿಗೇನು ಬರವಿಲ್ಲ. ಅಂತರಗಂಗೆ, ತೇಕಲ್, ಆವನಿ, ಕೈವಾರ, ನಂದಿ, ಎಲ್ಲಿ ನೋಡಿದರೂ ಬಂಡೆ. ಆದರೆ ಎರಡು ಬೆಟ್ಟದ ನಡುವಿನ ಬಯಲಿನಲ್ಲಿ ಕೆಮ್ಮಣ್ಣು, ರಾಗಿ ಹೊಲ, ಕೆರೆ, ನೀಲಗಿರಿ ತೋಪು. ಕಲ್ಲು ಕಾಣುವುದು ಅಲ್ಲೊಂದು ಇಲ್ಲೊಂದು ಕಡೆ. ಹೊಲದ ಬದುವಿನಲ್ಲಿ ಆಯ್ದು ಹಾಕಿದ ಕಲ್ಲಿನ ಗುಡ್ಡೆ, ಹಳ್ಳದ ದಂಡೆ, ಮನೆಗೆ ತೋಡಿದ ಪಾಯ, ಇವೇ ನಮಗೆ ಸಾಕ್ಷಿ. ಹಾಗಾಗಿ ಈ ಬಯಲಿನ ಯಾವ ನಕ್ಷೆ ತೆಗೆದುಕೊಂಡರೂ ಅದರ ಬಣ್ಣದಲ್ಲಿ ಬಹುಪಾಲು ಯಾರೂ ಕಣ್ಣಾರೆ ಕಾಣದ ಕಲ್ಲು. ಕಂಡ ಕೆಲವು ಕಡೆಗಳನ್ನು ಹಿಡಿದು, ಉಳಿದದ್ದನ್ನು ಯೋಚಿಸಿ ತುಂಬಿದ್ದು. ಅದು ಮೋಸ ಅಲ್ಲ. ಕೆಲಸ ಇರುವುದೇ ಹಾಗೆ. ಎಲ್ಲಿ ಕಂಡೆ, ಎಲ್ಲಿ ಯೋಚಿಸಿದೆ ಅನ್ನುವುದನ್ನು ಗೆರೆಯಲ್ಲೇ ಹೇಳಿಬಿಟ್ಟರೆ ನೋಡುವವರಿಗೆ ಅನ್ಯಾಯ ಆಗುವುದಿಲ್ಲ.

ಅಳತೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾವು ಕೆಲಸ ಮಾಡುತ್ತಿದ್ದ ಟೋಪೋ ಶೀಟ್, ಅಂದರೆ ಬೆಟ್ಟ, ಕೆರೆ, ರಸ್ತೆ ಎಲ್ಲ ತೋರಿಸುವ ನಕ್ಷೆ ಹಾಳೆ, 1:50,000 ಅಳತೆಯದು. ಅಂದರೆ ಹಾಳೆಯ ಮೇಲಿನ 1 ಮಿಲಿಮೀಟರ್ ನೆಲದ ಮೇಲೆ 50 ಮೀಟರ್. ಪೆನ್ಸಿಲ್ ಒಂಚೂರು ಮೊಂಡಾದರೂ ಗೆರೆ ಅರ್ಧ ಮಿಲಿಮೀಟರ್ ದಪ್ಪ ಬರುತ್ತದೆ. ನೆಲದ ಮೇಲೆ ಅದು 25 ಮೀಟರ್ ಅಗಲದ ರಸ್ತೆ ಇದ್ದ ಹಾಗೆ. ಎಷ್ಟೋ ಡೈಕ್‌ಗಳು ಅಷ್ಟು ಅಗಲ ಇರುವುದೇ ಇಲ್ಲ. ಕಾಗದದಲ್ಲಿ ಇದು ಕಣ್ಣಿಗೇ ಗೊತ್ತಾಗುತ್ತಿತ್ತು. ಭೂತಗನ್ನಡಿ ಹಿಡಿದರೆ ಗೆರೆಯೂ ದಪ್ಪ ಆಗುತ್ತದಲ್ಲ. ಫೋನಿನಲ್ಲಿ ಹಾಗಿಲ್ಲ. ಎರಡು ಬೆರಳಲ್ಲಿ ಹಿಗ್ಗಿಸಿದಷ್ಟೂ ಹೊಲ ದೊಡ್ಡದಾಗುತ್ತದೆ, ಗೆರೆ ಕೂದಲಿನಷ್ಟೇ ಇರುತ್ತದೆ. ಆ ಹುಡುಗ ಅದನ್ನು ನಂಬಿ ಹದಿನೈದು ಅಡಿ ಅಳೆದ. ನಾನು ಅವನ ಜಾಗದಲ್ಲಿದ್ದರೂ ಅಳೆಯುತ್ತಿದ್ದೆ.

ಬಾವಿಯೊಳಗೆ

1986ರ ಫೆಬ್ರವರಿ. ಆ ಊರಿಗೆ ನಾನು ಹೋಗಿದ್ದು ಬಸ್ಸಿಳಿದು ನಾಲ್ಕು ಕಿಲೋಮೀಟರ್ ನಡೆದು. ಹೆಗಲಿಗೆ ಚೀಲ, ಸುತ್ತಿಗೆ, ಸೊಂಟದಲ್ಲಿ ಬ್ರಂಟನ್ ದಿಕ್ಸೂಚಿ, ಕೊರಳಿಗೆ ದಾರ ಕಟ್ಟಿದ ಸಣ್ಣ ಮಸೂರ. ಕೋಲಾರ ಜಿಲ್ಲೆಯಲ್ಲಿ ಸುತ್ತಿಗೆ ಹಿಡಿದು ಓಡಾಡಿದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ‘ಚಿನ್ನ ಸಿಕ್ತಾ?’ ಕೇಳದೆ ಇನ್ನೇನು ಮಾಡುತ್ತಾರೆ. ಆಗಿನ್ನೂ ಕೆಜಿಎಫ್ ನಡೆಯುತ್ತಿತ್ತು, ಮೂರು ಕಿಲೋಮೀಟರ್‌ಗೂ ಆಳದಲ್ಲಿ ಜನ ಇಳಿದು ಕೆಲಸ ಮಾಡುತ್ತಿದ್ದರು. ಹೊಲ ಉಳುತ್ತಿದ್ದ ಒಬ್ಬ ತಾತನೂ ಅದೇ ಕೇಳಿದರು. ಚಿನ್ನ ಅಲ್ಲ ತಾತ, ಕರಿಕಲ್ಲು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ನೋಡ್ತಿದ್ದೀನಿ ಅಂದೆ. ತಾತ ನೇಗಿಲು ನಿಲ್ಲಿಸಿದರು. ‘ನಲ್ಲರಾಯಿನಾ? ಅದನ್ನ ಮೇಲೆ ಹುಡುಕಿದ್ರೆ ಹೆಂಗೆ ಸಿಗುತ್ತೆ? ಬಾವಿಗೆ ಇಳಿ’ ಅಂದರು. ಆ ಕಡೆ ಮನೆ ಮಾತು ತೆಲುಗು, ಸಂತೆ ಮಾತು ಕನ್ನಡ, ಎರಡೂ ಸೇರಿ ಒಂದೇ ಭಾಷೆ. ಡೊಲೆರೈಟ್ ಅನ್ನುವ ಪದಕ್ಕಿಂತ ನಲ್ಲರಾಯಿ ಎಷ್ಟು ಸಲೀಸು.

ಬಾವಿ ಸುಮಾರು ಮೂವತ್ತೈದು ಅಡಿ ಆಳ. ಗೋಡೆಯಿಂದ ಹೊರಚಾಚಿದ ಚಪ್ಪಡಿ ಮೆಟ್ಟಿಲು, ಒಂದರ ಕೆಳಗೊಂದು, ಹಿಡಿಯಲು ಏನೂ ಇಲ್ಲ. ತಾತ ಮುಂದೆ ಇಳಿದರು, ನಾನು ಹಿಂದೆ. ಮೇಲಿನ ನಾಲ್ಕೈದು ಅಡಿ ಕೆಮ್ಮಣ್ಣು. ಅದರ ಕೆಳಗೆ ಗರಸು, ಕೈಯಲ್ಲಿ ಹಿಸುಕಿದರೆ ಉದುರುತ್ತದೆ, ಆದರೆ ಕಲ್ಲಿನ ಪಟ್ಟೆಗಳು ಹಾಗೇ ಉಳಿದಿವೆ. ಇನ್ನೂ ಕೆಳಗೆ ಹೋದಂತೆ ಬೂದು ಬಿಳಿ ಪಟ್ಟೆಯ ನೈಸ್, ಗಟ್ಟಿ, ಅಲ್ಲಲ್ಲಿ ಕಾಗೆಬಂಗಾರ ಮಿನುಗುತ್ತಿತ್ತು. ಇದು ದಕ್ಷಿಣದ ಗೋಡೆ. ತಿರುಗಿ ನೋಡಿದರೆ ಉತ್ತರದ ಗೋಡೆ ಪೂರ್ತಿ ಕಪ್ಪು. ಮೂಲೆಯಲ್ಲಿ ಎರಡೂ ಕೂಡುವ ಜಾಗ ಇತ್ತು. ಅಷ್ಟು ಚೊಕ್ಕವಾದ ಸಂಪರ್ಕ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಚಾಕುವಿನಲ್ಲಿ ಕೊಯ್ದ ಹಾಗೆ. ಕರಿಕಲ್ಲಿನ ಅಂಚು ಎಷ್ಟು ನುಣುಪು ಅಂದರೆ ಮಸೂರ ಹಿಡಿದರೂ ಹರಳು ಕಾಣಲಿಲ್ಲ. ಒಂದು ಮೊಳ ಒಳಗೆ ಹೋದರೆ ಹರಳು ಕಾಣುತ್ತದೆ, ಇನ್ನೂ ಒಳಗೆ ದಪ್ಪ ಆಗುತ್ತದೆ. ಕಾದ ಶಿಲಾರಸ ತಣ್ಣಗಿದ್ದ ನೈಸ್ ಬಿರುಕಿನೊಳಗೆ ನುಗ್ಗಿ ಬಂದಾಗ, ಗೋಡೆಗೆ ತಾಗಿದ ಭಾಗ ತಕ್ಷಣ ಆರಿಹೋಗಿ ಹರಳು ಬೆಳೆಯಲು ಪುರುಸೊತ್ತೇ ಸಿಗಲಿಲ್ಲ. ನಡುವಿನದು ನಿಧಾನಕ್ಕೆ ಆರಿತು. ನಮ್ಮ ಕಡೆ ಪೂರ್ವ ಪಶ್ಚಿಮವಾಗಿ ಹೋಗುವ ಇಂಥ ಡೈಕ್‌ಗಳಲ್ಲಿ ಕಾಲ ಲೆಕ್ಕ ಹಾಕಿದವು 230 ಕೋಟಿ ವರ್ಷಕ್ಕೂ ಹಳೆಯವು. ಆ ನೈಸ್ ಇನ್ನೂ ಹಳೆಯದು, 250 ಕೋಟಿ ವರ್ಷಕ್ಕೂ ಹಿಂದಿನದು. ಇದೆಲ್ಲ ಪುಸ್ತಕದಲ್ಲಿ ಓದಿದ್ದೆ. ಬಾವಿಯ ತಂಪಿನಲ್ಲಿ, ಒದ್ದೆ ಗೋಡೆಯ ಮೇಲೆ ಕೈಯಿಟ್ಟು, ತೋರುಬೆರಳು ಒಂದು ಕಲ್ಲಿನ ಮೇಲೆ ಹೆಬ್ಬೆರಳು ಇನ್ನೊಂದರ ಮೇಲೆ ಇಟ್ಟಾಗ ಆದದ್ದೇ ಬೇರೆ. ಈ ಕೆಲಸ ಬಿಟ್ಟು ಬೇರೆ ಮಾಡಲಾರೆ ಅಂತ ಅವತ್ತು ಅಲ್ಲೇ ಅನ್ನಿಸಿತು.

ತಾತ ನೀರಿನ ಕಡೆ ತೋರಿಸಿದರು. ‘ನೀರು ಯಾವಾಗ್ಲೂ ಈ ಬಿಳಿ ಕಲ್ಲಿನ ಕಡೆಯಿಂದಲೇ ಬರೋದು. ಕರಿಕಲ್ಲು ತೊಟ್ಟೂ ಕೊಡಲ್ಲ. ಆದ್ರೆ ಅದಿಲ್ಲದಿದ್ರೆ ನೀರು ನಿಲ್ತಾನೂ ಇರ್ಲಿಲ್ಲ’ ಅಂದರು. ಡೈಕ್ ಮತ್ತು ಅಂತರ್ಜಲದ ಬಗ್ಗೆ ಮುಂದೆ ನಾನು ಓದಿದ್ದು, ಬರೆದದ್ದು, ಪಾಠ ಮಾಡಿದ್ದು ಎಲ್ಲ ಈ ಎರಡು ಮಾತಿನ ವಿಸ್ತಾರ. ಶಿಥಿಲವಾದ ನೈಸ್‌ನಲ್ಲಿ ಇಳಿಜಾರಿಗೆ ಹರಿದು ಬರುವ ನೀರಿಗೆ ಗಟ್ಟಿ ಡೈಕ್ ನೆಲದೊಳಗಿನ ಅಣೆಕಟ್ಟು.

ಮೇಲೆ ಬಂದು ಡೈಕ್ ಹಿಡಿದು ಪೂರ್ವಕ್ಕೆ ನಡೆದೆ. ಬದುವಿನಲ್ಲಿ ಕರಿ ಗುಂಡುಕಲ್ಲು ಸಿಗುತ್ತಾ ಹೋದವು. ಕೆರೆಯ ಅಂಚಿಗೆ ಬಂದು ನಿಂತುಹೋಯಿತು. ಆ ವರ್ಷ ಕೆರೆಯಲ್ಲಿ ನೀರಿತ್ತು, ಕೆಳಗೆ ಅಚ್ಚುಕಟ್ಟಿನಲ್ಲಿ ಬತ್ತ. ಸುತ್ತಿಕೊಂಡು ಆಚೆ ದಡಕ್ಕೆ ಹೋದರೆ ಕರಿಕಲ್ಲು ಮತ್ತೆ ಸಿಕ್ಕಿತು. ಆದರೆ ಈಚೆ ಗೆರೆಯ ನೇರಕ್ಕೆ ಇಲ್ಲ, ನೂರೈವತ್ತು ಮೀಟರ್ ಉತ್ತರಕ್ಕೆ ಇತ್ತು. ಒಂದೇ ಡೈಕ್ ಕೆರೆಯ ಕೆಳಗೆ ಬಾಗಿದೆಯೋ, ಬಿರುಕಿನಿಂದ ಕತ್ತರಿಸಿ ಸರಿದಿದೆಯೋ, ಇಲ್ಲ ಇವೆರಡೂ ಬೇರೆ ಬೇರೆ ಡೈಕೋ? ತಾತನನ್ನು ಕೇಳಿದೆ. ‘ಕೆರೆ ಕೆಳಗೆ ಏನಿದೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕಮ್ಮ’ ಅಂದರು. ನನಗೂ ಗೊತ್ತಿರಲಿಲ್ಲ. ಎರಡನ್ನೂ ಸೇರಿಸಿ ಸಣ್ಣ ಬಾಗು ಕೊಟ್ಟು ತುಂಡು ಗೆರೆ ಎಳೆದೆ. ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದೆ.

ಜೋಡಿಸಲಾ ಮೇಡಂ?

ನಡುವಿನ ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕೋಲಾರದ ಶಿಸ್ಟ್ ಪಟ್ಟಿಯ ಅಂಚಿನ ಮೇಲೆ ಪಿಎಚ್‌ಡಿ ಮಾಡಿದೆ. ಉತ್ತರ ದಕ್ಷಿಣ ಸುಮಾರು 80 ಕಿಲೋಮೀಟರ್ ಉದ್ದ, ಅಗಲ ಮಾತ್ರ ಕೆಲವೇ ಕಿಲೋಮೀಟರ್. ಪಟ್ಟಿಯ ಪೂರ್ವದ ನೈಸ್‌ಗೂ ಪಶ್ಚಿಮದ ನೈಸ್‌ಗೂ ಚರಿತ್ರೆ ಬೇರೆ ಬೇರೆ ಅಂತ ಆ ಕಾಲದಲ್ಲೇ ತಿಳಿದುಬರುತ್ತಿತ್ತು. ಅಷ್ಟು ಕಡಿಮೆ ಅಗಲದಲ್ಲಿ ಎರಡು ಬೇರೆ ಭೂಖಂಡದ ತುಂಡುಗಳು ಸೇರಿರಬಹುದು ಅನ್ನುವ ಯೋಚನೆಯಲ್ಲೇ ನಾನು ನಾಲ್ಕು ವರ್ಷ ಬದುಕಿದೆ. ಆಮೇಲೆ ಕೆಲಸ ತುಮಕೂರಿನ ಕಡೆ. ಮಧುಗಿರಿ, ಪಾವಗಡದ ಕ್ಲೋಸ್‌ಪೇಟೆ ಗ್ರಾನೈಟ್, ಚಿಕ್ಕನಾಯಕನಹಳ್ಳಿಯ ಕಬ್ಬಿಣ, ಮ್ಯಾಂಗನೀಸ್ ಪಟ್ಟಿ. ಈ ದಾರಿಯಲ್ಲಿ ನಡೆದವರಲ್ಲಿ ನಾನು ಮೊದಲಿನವಳೇನಲ್ಲ. ಮೈಸೂರು ಸರ್ಕಾರ 1894ರಲ್ಲಿ ಭೂವಿಜ್ಞಾನ ಇಲಾಖೆ ಶುರು ಮಾಡಿದಾಗ ಅದರ ಮೊದಲ ಮುಖ್ಯಸ್ಥ ರಾಬರ್ಟ್ ಬ್ರೂಸ್ ಫೂಟ್. ಮುಂದೆ ಕ್ಲೋಸ್‌ಪೇಟೆ ಗ್ರಾನೈಟನ್ನು ಹಿಡಿದು ಕೆಲಸ ಮಾಡಿದವರು ಬಿ.ಪಿ. ರಾಧಾಕೃಷ್ಣ, 1958ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘ ಕಟ್ಟಿದವರಲ್ಲಿ ಅವರೂ ಒಬ್ಬರು. ಅಂಥವರ ನಕ್ಷೆಗಳನ್ನು ಮುಂದಿಟ್ಟುಕೊಂಡೇ ನಾವು ನಡೆದದ್ದು. ಹಳೆಯ ನಕ್ಷೆಯಲ್ಲಿ ತುಂಡು ಗೆರೆ ಕಂಡರೆ ನನಗೆ ಖುಷಿ. ಇಲ್ಲಿ ಇನ್ನೂ ಕೆಲಸ ಬಾಕಿ ಇದೆ, ನೀನು ಹೋಗಿ ನೋಡು ಅಂತ ಅವರೇ ಚೀಟಿ ಬರೆದಿಟ್ಟ ಹಾಗೆ.

1988ರಲ್ಲಿ ಐಆರ್‌ಎಸ್-1ಎ ಉಪಗ್ರಹ ಹೋಯಿತು. ಅದರ ಚಿತ್ರಗಳು ಕಾಗದದ ಮೇಲೆ ಅಚ್ಚಾಗಿ ನಮ್ಮ ಕೈಗೆ ಬಂದಾಗಿನ ಸಂಭ್ರಮ ಇನ್ನೂ ನೆನಪಿದೆ. ಅದರಲ್ಲಿ ಗಿಡಮರ ಎಲ್ಲ ಕೆಂಪು, ಕೆರೆ ಕಪ್ಪು. ತಿಂಗಳುಗಟ್ಟಲೆ ನಡೆದ ಜಾಗ ಒಂದು ಮೇಜಿನ ಮೇಲೆ. ನೆಲದ ಮೇಲೆ ನಿಂತರೆ ಕಾಣದ ಉದ್ದುದ್ದ ನೇರ ಗೆರೆಗಳು ಮೇಲಿನಿಂದ ಕಾಣುತ್ತಿದ್ದವು. ಅವುಗಳಲ್ಲಿ ಕೆಲವು ಬಿರುಕು, ಕೆಲವು ಡೈಕ್. ಕೆಲವು ಬರೀ ರಸ್ತೆ, ತೋಪಿನ ಬೇಲಿ. ಹೋಗಿ ನೋಡದೆ ಹೇಳುವ ಹಾಗಿರಲಿಲ್ಲ. ಅದಾದ ಮೇಲೆ ಕಂಪ್ಯೂಟರ್ ಬಂತು, ಅದರಲ್ಲೇ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡುವ ಜಿಐಎಸ್ ಬಂತು.

2001ರ ಬೇಸಿಗೆ. ಆ ಫೆಬ್ರವರಿಯಲ್ಲಷ್ಟೇ ಕೆಜಿಎಫ್ ಮುಚ್ಚಿತ್ತು. ನಮ್ಮ ಹಳೆಯ ಹಾಳೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ನಡೆಯುತ್ತಿತ್ತು. ದೊಡ್ಡ ಮೇಜಿನಷ್ಟು ಅಗಲದ ಡಿಜಿಟೈಜರ್. ಅದರ ಮೇಲೆ ನಕ್ಷೆ ಅಂಟಿಸಿ, ಕೈಯಲ್ಲಿ ಗಾಜಿನ ಕಣ್ಣಿರುವ ಸಣ್ಣ ಉಪಕರಣ ಹಿಡಿದು, ಗೆರೆಯ ಮೇಲೆ ಇಂಚಿಂಚೇ ಸರಿಸುತ್ತಾ ಗುಂಡಿ ಒತ್ತುತ್ತಾ ಹೋಗಬೇಕು. ಒಂದು ಒತ್ತಿಗೆ ಒಂದು ಬಿಂದು. ಕೆಲಸಕ್ಕೆ ಕೂತಿದ್ದ ಹುಡುಗಿ ತುಂಬ ಅಚ್ಚುಕಟ್ಟು, ಅವಳ ಕೈ ಒಂಚೂರೂ ನಡುಗುತ್ತಿರಲಿಲ್ಲ. ಒಂದು ಮಧ್ಯಾಹ್ನ ನನ್ನ ಕರೆದಳು. ‘ಮೇಡಂ, ಈ ಗೆರೆ ಇಲ್ಲಿ ಕಟ್ ಆಗಿದೆ. ಕಟ್ ಆದ್ರೆ ಸಾಫ್ಟ್‌ವೇರ್ ತಪ್ಪು ತೋರಿಸುತ್ತೆ. ಜೋಡಿಸಲಾ?’

ಅವಳ ಪ್ರಶ್ನೆ ಸರಿಯಾಗಿಯೇ ಇತ್ತು. ಕಂಪ್ಯೂಟರಿಗೆ ಬಣ್ಣ ತುಂಬಬೇಕಾದರೆ ಸುತ್ತಲೂ ಬೇಲಿ ಮುಚ್ಚಿರಬೇಕು. ಒಂದು ಕಡೆ ಬಾಯಿ ಬಿಟ್ಟಿದ್ದರೆ ಕ್ಷೇತ್ರ ಆಗುವುದಿಲ್ಲ, ಅದು ಗೆರೆಯ ಗುಡ್ಡೆ ಅಷ್ಟೇ. ಇದಕ್ಕೆ ದಾರಿಯೂ ಇತ್ತು. ಗೆರೆಯನ್ನು ಜೋಡಿಸಿ, ಅದರ ಪಟ್ಟಿಯಲ್ಲಿ ಒಂದು ಕಾಲಂ ಇಟ್ಟು, ಈ ತುಂಡು ಕಂಡದ್ದು, ಈ ತುಂಡು ಊಹೆ ಅಂತ ಬರೆದರೆ ಮುಗಿಯಿತು. ಆ ಕಾಲಂ ಇತ್ತು ಕೂಡ. ಆದರೆ ತಿಂಗಳ ಕೊನೆಗೆ ಇಷ್ಟು ಹಾಳೆ ಮುಗಿಯಬೇಕು ಅಂತ ಮೇಲಿನಿಂದ ಒತ್ತಡ. ನಾನು ಹಾಳೆಯ ಕಡೆ ಒಂದು ಗಳಿಗೆ ನೋಡಿದೆ. ‘ಜೋಡಿಸು, ಕಾಲಂ ಆಮೇಲೆ ತುಂಬೋಣ’ ಅಂದೆ. ಆ ಆಮೇಲೆ ಬರಲೇ ಇಲ್ಲ. ಮುಂದೆ ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಫೈಲ್ ಬದಲಾಯಿಸುವಾಗ ಖಾಲಿ ಕಾಲಂ ಯಾಕೆ ಅಂತ ಅದನ್ನೂ ಯಾರೋ ತೆಗೆದರು. ಪ್ರಶ್ನೆ ಚಿಹ್ನೆಯಂತೂ ಗೆರೆಯೇ ಅಲ್ಲ, ಅದನ್ನು ಏರಿಸಲೇ ಇಲ್ಲ. ಎರಡೇ ಮಾತು ಅವತ್ತು ನಾನು ಆಡಿದ್ದು. ಮೇಷ್ಟ್ರು ರಬ್ಬರ್ ಮುಂದೆ ತಳ್ಳುತ್ತಿದ್ದದ್ದು ಆಗ ನೆನಪಿಗೆ ಬಂದಿದ್ದರೆ ಅಂತ ಈಗ ಅನ್ನಿಸುತ್ತದೆ.

ಇನ್ನೂ ಒಂದು ಇದೆ. ಆ ಕಾಲದ ಟೋಪೋ ಶೀಟುಗಳು ಭೂಮಿಯ ಆಕಾರಕ್ಕೆ ಎವರೆಸ್ಟ್ ಅನ್ನುವ ಹಳೆಯ ಲೆಕ್ಕ ಬಳಸಿದವು. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್-84 ಅನ್ನುವ ಬೇರೆ ಲೆಕ್ಕ. ಎರಡನ್ನೂ ಹೊಂದಿಸದೆ ಒಂದರ ಮೇಲೊಂದು ಇಟ್ಟರೆ ನಮ್ಮ ಕಡೆ ನೂರು ಮೀಟರ್‌ಗೂ ಜಾಸ್ತಿ ಸರಿದುಹೋಗುತ್ತದೆ. ಆ ಹುಡುಗನ ಫೈಲ್‌ನಲ್ಲಿ ಇದನ್ನು ಸರಿ ಮಾಡಿದ್ದರು, ಕೆರೆ ಏರಿಯ ಮೇಲೆ ಇಟ್ಟು ನೋಡಿದೆ. ಅಷ್ಟು ಮಟ್ಟಿಗೆ ಒಳ್ಳೆಯ ಕೆಲಸ.

ಇಷ್ಟು ಓದಿ ಇವಳಿಗೆ ಕಂಪ್ಯೂಟರ್ ಕಂಡರೆ ಆಗಲ್ಲ ಅಂದುಕೊಳ್ಳಬೇಡಿ. ನನ್ನ ಕೆಲಸದಲ್ಲಿ ನನಗೆ ಅತಿ ಹೆಚ್ಚು ತೃಪ್ತಿ ಕೊಟ್ಟ ಒಂದು ದಿನ ಪರದೆಯ ಮುಂದೆಯೇ ಆದದ್ದು. ಪಾವಗಡ, ಬಾಗೇಪಲ್ಲಿ ಕಡೆಯ ಕೊಳವೆಬಾವಿ ನೀರಿನ ಫ್ಲೋರೈಡ್ ಅಳತೆಗಳನ್ನು ಕಲ್ಲಿನ ನಕ್ಷೆಯ ಮೇಲೆ ಇಟ್ಟು ನೋಡಿದೆವು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ. ದಾಟಿದ ಚುಕ್ಕಿಗಳು ಗ್ರಾನೈಟ್, ನೈಸ್ ಕಡೆ ಒತ್ತಾಗಿ ಕೂತವು. ಆ ಕಲ್ಲಿನ ಖನಿಜಗಳಲ್ಲೇ ಫ್ಲೋರೈಡ್ ಇರುತ್ತದೆ, ಆಳದ ನೀರು ಕಲ್ಲಿನ ಜೊತೆ ಎಷ್ಟು ಕಾಲ ಇರುತ್ತದೋ ಅಷ್ಟು ಅದು ಕರಗುತ್ತದೆ. ಬಾವಿ ಬತ್ತಿ ಜನ ಆಳಕ್ಕೆ ಹೋದಷ್ಟೂ ತೊಂದರೆ ಜಾಸ್ತಿ. ಯಾವ ಊರಿನ ನೀರನ್ನು ಮೊದಲು ಪರೀಕ್ಷೆ ಮಾಡಬೇಕು ಅನ್ನುವುದು ಒಂದು ಗಂಟೆಯಲ್ಲಿ ಕಣ್ಣ ಮುಂದೆ ಬಂತು. ಕಾಗದದಲ್ಲಿ ಇದನ್ನು ಮಾಡಲು ತಿಂಗಳುಗಳೇ ಬೇಕಿತ್ತು. ಫ್ಲೋರೈಡ್‌ನಿಂದ ಹಲ್ಲು ಕಂದಿದ ಮಕ್ಕಳನ್ನು ಆ ಊರುಗಳ ಶಾಲೆಯಲ್ಲಿ ನೋಡಿದವಳು ನಾನು. ಈಗ ದೇಶದ ಭೂವೈಜ್ಞಾನಿಕ ನಕ್ಷೆಗಳು ಭೂಕೋಶ್ ಅನ್ನುವ ಸರ್ಕಾರಿ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ನೋಡುವ ಹಾಗಿವೆ. ನಾವು ವಿದ್ಯಾರ್ಥಿಗಳಾಗಿದ್ದಾಗ ಒಂದು ಹಾಳೆಗೆ ಎಷ್ಟು ಕಚೇರಿ ಅಲೆಯುತ್ತಿದ್ದೆವು. ರೈತನ ಮಗನ ಫೋನಿಗೆ ನಕ್ಷೆ ಬಂದದ್ದು ನನಗೆ ಸಂತೋಷವೇ. ನನ್ನ ಅನುಮಾನವೂ ಅದರ ಜೊತೆ ಹೋಗಬೇಕಿತ್ತು, ಅದೊಂದು ಬಿಟ್ಟುಹೋಯಿತು.

ಬಿಳಿ ಪುಡಿ

ಮುಂದಿನ ಭಾನುವಾರ ಆ ಹುಡುಗನ ಊರಿಗೆ ಹೋದೆ. ಹಳೆಯ ಫೀಲ್ಡ್ ಬುಕ್ ಚೀಲದಲ್ಲಿಟ್ಟುಕೊಂಡಿದ್ದೆ. ಮೊದಲು ಕೊಳವೆಬಾವಿಯ ಹತ್ತಿರ ಕರೆದುಕೊಂಡು ಹೋದ. ಬಾಯಿಗೆ ಕಲ್ಲು ಚಪ್ಪಡಿ ಮುಚ್ಚಿ, ಮೇಲೆ ಮುಳ್ಳು ಹಾಕಿದ್ದ. ಚಿಕ್ಕ ಮಕ್ಕಳಿರುವ ಊರು, ಒಳ್ಳೆಯ ಕೆಲಸ ಮಾಡಿದ್ದೀಯ ಅಂದೆ. ಪಕ್ಕದಲ್ಲಿ ಕೊರೆದಾಗ ಬಂದ ಪುಡಿಯ ಗುಡ್ಡೆ ಹಾಗೇ ಬಿದ್ದಿತ್ತು. ಬಾವಿಗಳು ಹೋದ ಮೇಲೆ ನೆಲದೊಳಗಿನ ಕಲ್ಲು ನೋಡಲು ನಮಗೆ ಉಳಿದಿರುವುದು ಈ ಪುಡಿ ಒಂದೇ. ಕೂತು, ಗುಡ್ಡೆಯನ್ನು ಬೇರೆ ಬೇರೆ ಕಡೆ ಕೆದಕಿ, ಒಂದೊಂದು ಹಿಡಿ ತೆಗೆದು ಬಾಟಲಿ ನೀರಿನಲ್ಲಿ ತೊಳೆದು ಅಂಗೈ ಮೇಲೆ ಹರಡಿದೆ. ಮೇಲಿನ ಪದರ, ಕೆಳಗಿನದು, ಅಂಚಿನದು. ಎಲ್ಲ ಕಡೆ ಅದೇ. ಬಿಳಿ ಫೆಲ್ಡ್‌ಸ್ಪಾರ್, ಗಾಜಿನಂಥ ಬೆಣಚು, ಸಣ್ಣ ಸಣ್ಣ ಕಾಗೆಬಂಗಾರ. ಕರಿಕಲ್ಲು ತಾಗಿದ್ದರೆ ಪುಡಿ ಹಸಿರು ಕಪ್ಪಾಗಿ ಬರುತ್ತಿತ್ತು. ಕೊರೆಯುವಾಗ ಬಣ್ಣ ಬದಲಾಯಿತಾ ಅಂತ ಕೇಳಿದೆ. ‘ಇಲ್ಲ ಮೇಡಂ, ಮೊದಲಿನಿಂದ ಕೊನೆವರೆಗೂ ಹಿಟ್ಟಿನ ಥರ ಬಿಳಿ. ಮನೆ ಮೇಲೆಲ್ಲ ಕೂತಿತ್ತು’ ಅಂದ.

ಆ ಪುಡಿ ಅಂಗೈಯಲ್ಲಿ ಇಟ್ಟುಕೊಂಡೇ ಅವನಿಗೆ ಹೇಳಿದೆ. ಈ ಗೆರೆ ಎಳೆದದ್ದು ನಾನು. ಇಲ್ಲಿ ಡೈಕ್ ಇದ್ದ ಹಾಗಿಲ್ಲ. ಇದು ನನ್ನ ಊಹೆ ಆಗಿತ್ತು, ಊಹೆ ಅಂತ ಬರೆದಿದ್ದೆ, ಅದು ನಿನ್ನವರೆಗೆ ಬರುವ ಹಾಗೆ ನೋಡಿಕೊಳ್ಳಲಿಲ್ಲ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬಗ್ಗಿ ಒಂದು ಹಿಡಿ ಪುಡಿ ತೆಗೆದು ನಾನು ಮಾಡಿದ ಹಾಗೆಯೇ ತೊಳೆದು ನೋಡಿದ. ಆಮೇಲೆ, ‘ಹಂಗಾದ್ರೆ ನಿಜವಾದ ಗೆರೆ ಎಲ್ಲಿದೆ?’ ಅಂದ.

ತಾತನ ಬಾವಿ ಇನ್ನೂ ಇದೆ. ಒಳಗೆ ಒಂದು ಬೇವಿನ ಮರ ಬಾವಿಯ ಬಾಯಿಗಿಂತ ಎತ್ತರಕ್ಕೆ ಬೆಳೆದಿದೆ. ಇಳಿಯುವ ಹಾಗಿಲ್ಲ, ಮೆಟ್ಟಿಲು ಕಳಚಿವೆ, ತಳದಲ್ಲಿ ಪ್ಲಾಸ್ಟಿಕ್. ಬಗ್ಗಿ ನೋಡಿದರೆ ಉತ್ತರದ ಗೋಡೆ ಕಪ್ಪು, ದಕ್ಷಿಣದ್ದು ಬೂದು. ಹುಡುಗನಿಗೆ ಟಾರ್ಚ್ ಹಿಡಿದು ಎರಡೂ ಕೂಡುವ ಮೂಲೆ ತೋರಿಸಿದೆ. ಹುಟ್ಟಿದಾಗಿನಿಂದ ಆ ಬಾವಿ ನೋಡಿದ್ದಾನೆ, ಗೋಡೆಗೆ ಎರಡು ಬಣ್ಣ ಇದೆ ಅಂತ ಗಮನಿಸಿರಲಿಲ್ಲ. ತಾತ ಅವನಿಗೆ ದೂರದ ಸಂಬಂಧವಂತೆ. ತೀರಿಕೊಂಡು ಇಪ್ಪತ್ತು ವರ್ಷ ಆಗಿದೆ.

ಕೆರೆಯ ಹತ್ತಿರ ಬಂದಾಗ ಅವನಿಗೇ ಒಂದು ನೆನಪಾಯಿತು. ಕೆಲವು ವರ್ಷದ ಹಿಂದೆ ಕೆರೆ ಪೂರ್ತಿ ಒಣಗಿದ್ದಾಗ ಹೂಳು ತೆಗೆಸಿದ್ದರು. ಒಂದು ಕಡೆ ಜೆಸಿಬಿ ಹಲ್ಲು ಕಲ್ಲಿಗೆ ತಾಗಿ ಕಿಡಿ ಹಾರಿ, ಚಾಲಕ ಅಲ್ಲಿಗೇ ಬಿಟ್ಟು ಬೇರೆ ಕಡೆ ಹೋಗಿದ್ದ. ‘ಕರ್‍ರಗಿತ್ತು ಮೇಡಂ, ಒಡೆಯೋಕೇ ಆಗ್ಲಿಲ್ಲ.’ ಎಲ್ಲಿ ಅಂತ ಕೇಳಿದೆ. ಏರಿಯ ಮೇಲೆ ನಿಂತು ಕೈ ತೋರಿಸಿದ. ಈಗ ಅಲ್ಲಿ ಮೊಣಕಾಲುದ್ದ ನೀರಿದೆ. ಅವನ ಕೈ ತೋರಿಸಿದ ಕಡೆಗೆ ದಿಕ್ಸೂಚಿ ಹಿಡಿದೆ. ಬಾವಿಯಿಂದ ಬಂದ ಗೆರೆಯ ನೇರಕ್ಕೇ ಇತ್ತು, ಚೂರೂ ಬಾಗಿರಲಿಲ್ಲ. ಅಂದರೆ ಈಚೆಯ ಡೈಕ್ ಬಾಗದೆ ಹಾಗೇ ಕೆರೆಯೊಳಗೆ ಮುಂದುವರಿದಿದೆ. ಆಚೆ ದಡದ್ದು ಬೇರೆಯೇ ಇನ್ನೊಂದು ಇರಬೇಕು. ನಾನು ಸೇರಿಸಿದ ಬಾಗು ಅವನ ಜಮೀನಿನ ಮೇಲೆ ಹೋದದ್ದು, ಅಲ್ಲಿ ಏನೂ ಇಲ್ಲದ್ದು, ಎರಡಕ್ಕೂ ಕಾರಣ ಸಿಕ್ಕಿತು. ಸಿಕ್ಕಿತು ಅಂತ ಈಗಲೂ ಗಟ್ಟಿಯಾಗಿ ಬರೆಯಲಾರೆ. ಕಿಡಿ ಹಾರಿದ ಕಲ್ಲನ್ನು ನಾನು ನೋಡಿಲ್ಲ, ಅವನು ನೋಡಿದ್ದಾನೆ.

ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ಆ ಗೆರೆ ತೆರೆದೆ. ಬಾಗು ಅಳಿಸಿದೆ. ಎರಡು ಗೆರೆ ಮಾಡಿದೆ. ಕೆರೆಯೊಳಗಿನ ಭಾಗ ತುಂಡು. ಕಾಲಂ ಮತ್ತೆ ಸೇರಿಸಿ ಒಂದೊಂದು ತುಂಡಿಗೂ ಬರೆದೆ: ಬಾವಿಯಲ್ಲಿ ಕಂಡದ್ದು, 1986. ಬದುವಿನ ಕಲ್ಲು. ಕೆರೆ ಅಂಗಳ, ಊರಿನವರು ಹೇಳಿದ್ದು, ನೀರಿದ್ದ ಕಾರಣ ನೋಡಿಲ್ಲ. ಆಮೇಲೆ ಉಳಿದ ಹಾಳೆಗಳ ಫೀಲ್ಡ್ ಬುಕ್ಕುಗಳನ್ನು ಅಟ್ಟದಿಂದ ಇಳಿಸಿದೆ. ಹನ್ನೊಂದು ಇವೆ. ದಿನಕ್ಕೆ ನಾಲ್ಕೈದು ಪುಟ ಟೈಪ್ ಮಾಡುತ್ತಿದ್ದೇನೆ, ಈಗ ಮೂರನೆಯದರಲ್ಲಿ ಇದ್ದೇನೆ. ತಿದ್ದಿದ ಗೆರೆಯನ್ನು ಹುಡುಗನಿಗೆ ಕಳಿಸಿದೆ, ಫೈಲ್ ಕೊಟ್ಟವರಿಗೂ ಕಳಿಸು ಅಂದೆ.

ನಿನ್ನೆ ರಾತ್ರಿ ಅವನಿಂದ ಮೆಸೇಜ್ ಬಂತು. ಜೆಸಿಬಿ ಓಡಿಸಿದವನು ಸಿಕ್ಕಿದ್ದನಂತೆ. ಕೋಡಿಯ ಹತ್ತಿರವೂ ಒಂದು ಕಡೆ ಕರಿಕಲ್ಲು ಸಿಕ್ಕಿತ್ತು ಅಂತ ಹೇಳಿದನಂತೆ. ‘ಬರ್ತೀರಾ ಮೇಡಂ?’ ಅಂತ ಕೇಳಿದ್ದಾನೆ. 1986ರ ಪುಸ್ತಕ ತೆಗೆದು ಆ ದಿನದ ಪುಟ ನೋಡಿದೆ. ಬಾವಿಯ ಚಿತ್ರದ ಕೆಳಗೆ, ಪೆನ್ಸಿಲ್‌ನಲ್ಲಿ, ಮಾಸಿಹೋದ ನನ್ನ ಅಕ್ಷರ: ಕೋಡಿ ಕಡೆ ನೀರು ಜಾಸ್ತಿ, ದಾಟಲು ಆಗಲಿಲ್ಲ, ಇನ್ನೊಮ್ಮೆ ಬರಬೇಕು.